ಬಾರುಕೋಲಿಗೆ ಬಾರು ಕೊಯ್ಯುವುದು ಹೇಗೆ?

ಬಾರುಕೋಲು ಮಾಡಲು ಕಲಿಯಬೇಕು ಅನ್ನುವವರು ಮೊದಲು ಕೇಳುವುದು ಹೆಣಿಗೆಯನ್ನೇ. ನಾಲ್ಕೆಳೆ ಹೆಣಿಗೆ ಏನೂ ದೊಡ್ಡ ವಿದ್ಯೆ ಅಲ್ಲ, ಮನೆಯಲ್ಲಿರುವ ನೈಲಾನ್ ದಾರ ಹಿಡಿದು ಕೂತರೂ ಬರುತ್ತದೆ. ಕೈ ಸೋಲುವುದು ಅದಕ್ಕೂ ಮುಂಚೆ, ತೊಗಲಿನಿಂದ ಒಂದೇ ಅಗಲದ ಉದ್ದನೆಯ ಬಾರು ಕೊಯ್ಯುವಾಗ. ಬಾರು ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ ಆದರೆ ಎಷ್ಟೇ ಬಿಗಿಯಾಗಿ ಹೆಣೆದರೂ ಸಂದಿ ಬಿಡುತ್ತದೆ. ಸಣ್ಣ ಆದ ಕಡೆಯೇ ಮೊದಲು ಹರಿಯುತ್ತದೆ.

ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳೇ ಕಡಿಮೆ, ಸಂತೆಯಲ್ಲಿ ಸಿಗುವ ಬಾರುಕೋಲೂ ಜಾಸ್ತಿ ನೈಲಾನಿನದ್ದೇ. ಆದರೂ ಕಾರಹುಣ್ಣಿಮೆಗೆ ಎತ್ತು ಸಿಂಗರಿಸುವವರು, ದೀಪಾವಳಿ ಆದ ಮೇಲೆ ಹಾವೇರಿ ಕಡೆ ಹೋರಿ ಬೆದರಿಸುವ ಹಬ್ಬಕ್ಕೆ ಸಜ್ಜಾಗುವವರು ತೊಗಲಿನದ್ದೇ ಬೇಕು ಅನ್ನುವುದುಂಟು. ಒಂದು ಮಾತು ಹೇಳಿಬಿಡುತ್ತೇನೆ: ಬಾರುಕೋಲು ಗಾಳಿಯಲ್ಲಿ ಚಟ್ ಅನ್ನಿಸಲಿಕ್ಕೆ, ಎತ್ತಿನ ಬೆನ್ನಿಗೆ ಅಲ್ಲ. ಪ್ರಾಣಿಗಳನ್ನು ಹೊಡೆದು ಹಿಂಸಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಮೊದಲು ತೊಗಲು. ಗಿಡದ ತೊಗಟೆಯಲ್ಲಿ ಹದ ಮಾಡಿದ ಆಡಿನ ತೊಗಲು ಕಲಿಯುವವರಿಗೆ ಒಳ್ಳೆಯದು. ಕೊಲ್ಹಾಪುರಿ ಚಪ್ಪಲಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇರುವ ಎಂಟು ಜಿಲ್ಲೆಗಳಲ್ಲಿ ನಮ್ಮ ಧಾರವಾಡವೂ ಒಂದು. ಆ ಚಪ್ಪಲಿಯ ಮೇಲಿನ ಹೆಣಿಗೆಗೂ ಇಂಥದ್ದೇ ತೆಳು ಬಾರು ಬೇಕು, ಹಾಗಾಗಿ ಅದನ್ನು ಹೊಲಿಯುವವರನ್ನು ಕೇಳಿದರೆ ತೊಗಲು ಎಲ್ಲಿ ಸಿಗುತ್ತದೆ ಅಂತ ಗೊತ್ತಾಗುತ್ತದೆ. ‘ತೊಗಟಿ ಹದದ್ದು ಐತೇನ್ರಿ ಅಣ್ಣಾರ?’ ಅಂತ ಕೇಳಿ, ಆಮೇಲೆ ಕೊಯ್ದ ಅಂಚನ್ನು ನೀವೇ ನೋಡಿ. ಅಂಚು ಪೂರ್ತಿ ಕಂದು ಬಣ್ಣ ಇದ್ದರೆ ಸರಿ. ನಡುವೆ ನೀಲಿ, ಬೂದು ಗೆರೆ ಕಂಡರೆ ಅದು ಕ್ರೋಮ್ ಹದ, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಮಾಡಿದ್ದು. ಬೂಟಿಗೆ, ಬ್ಯಾಗಿಗೆ ಅದು ಚೆಂದ, ನಮ್ಮ ಕೆಲಸಕ್ಕೆ ಸಿಕ್ಕಾಪಟ್ಟೆ ಜಗ್ಗುತ್ತದೆ. ಆಸ್ಟ್ರೇಲಿಯಾದವರು ಇದಕ್ಕೆ ಕಾಂಗರೂ ತೊಗಲು ಬಳಸುತ್ತಾರೆ, ತೆಳ್ಳಗಿದ್ದೂ ಬಹಳ ಗಟ್ಟಿ ಅಂತ. ನಮಗೆ ಆಡು ಸಾಕು.

ತೊಗಲನ್ನು ಬೆಳಕಿಗೆ ಹಿಡಿದು ತೂತು, ಗಾಯದ ಕಲೆ, ಕತ್ತಿ ತಾಗಿದ ಗುರುತು ಎಲ್ಲಕ್ಕೂ ಪೆನ್ಸಿಲ್ ಗುರುತು ಹಾಕಿ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಬೆನ್ನಿನ ಕಡೆಯಿಂದಲೇ ಒಂದು ದುಂಡು ಬಿಲ್ಲೆ ಕತ್ತರಿಸಿಕೊಳ್ಳಿ. ಚಕ್ಕುಲಿ ಸುತ್ತಿನ ಹಾಗೆ ಹೊರಗಿನಿಂದ ಒಳಕ್ಕೆ ಕೊಯ್ಯುತ್ತಾ ಹೋದರೆ ಅಂಗೈ ಅಗಲದ ತುಂಡಿನಲ್ಲೂ ಮಾರುದ್ದದ ಬಾರು ಇರುತ್ತದೆ.

ಎಷ್ಟು ದೊಡ್ಡ ಬಿಲ್ಲೆ ಬೇಕು? ಲೆಕ್ಕ ಸುಲಭ. ಹೆಣೆದ ಬಾರು 3 ಅಡಿ ಬೇಕಿದ್ದರೆ ಒಂದೊಂದು ಎಳೆ ಅದರ ಒಂದೂವರೆ ಪಟ್ಟು, ಅಂದರೆ ನಾಲ್ಕೂವರೆ ಅಡಿ ಇರಬೇಕು. ಗಂಟಿಗೆ ಅರ್ಧ ಅಡಿ ಸೇರಿಸಿ. ನಾಲ್ಕೆಳೆಗೆ 20 ಅಡಿ, ಹೆಚ್ಚುಕಡಿಮೆ 6 ಮೀಟರ್. ಬಿಲ್ಲೆಯ ವಿಸ್ತೀರ್ಣವನ್ನು ಬಾರಿನ ಅಗಲದಿಂದ ಭಾಗಿಸಿದರೆ ಉದ್ದ ಬರುತ್ತದೆ. 24 ಸೆಂಟಿಮೀಟರ್ ಅಡ್ಡಳತೆಯ ಬಿಲ್ಲೆಯಿಂದ 6 ಮಿಲಿಮೀಟರ್ ಅಗಲದ ಬಾರು ತೆಗೆದರೆ ಏಳೂವರೆ ಮೀಟರ್ ಆಗುತ್ತದೆ. ನಡುವಿನ 4 ಸೆಂಟಿಮೀಟರ್ ಬಿಟ್ಟುಬಿಡಿ, ಅಲ್ಲಿ ತಿರುವು ಜಾಸ್ತಿ, ಬಾರು ನೆಟ್ಟಗಾಗುವುದಿಲ್ಲ. ಆದರೂ 7 ಮೀಟರಿಗೆ ಮೋಸವಿಲ್ಲ, ಒಂದು ಕಡೆ ಕೆಟ್ಟರೂ ನಡೆಯುತ್ತದೆ.

ಬಿಲ್ಲೆ ಕತ್ತರಿಸಲು ರಂಪಿಗೆ (ಚಪ್ಪಲಿ ಹೊಲಿಯುವವರ ಅಗಲ ಬಾಯಿಯ ಕತ್ತಿ) ಸರಿ, ಬಾರಿಗೆ ಮಾತ್ರ ಚೂಪು ತುದಿಯ ಸಣ್ಣ ಚಾಕುವೋ ಕಟರ್ ಬ್ಲೇಡೋ ಬೇಕು. ತೊಗಲಿಗೆ ಒದ್ದೆ ಬಟ್ಟೆಯಿಂದ ತುಸು ಪಸೆ ಕೊಡಿ. ನೀರು ಜಾಸ್ತಿಯಾದರೆ ಕೊಯ್ಯುವಾಗಲೇ ಜಗ್ಗಿ ಅಗಲ ಕೆಡುತ್ತದೆ. ಗದಗಿನ ಬೇಸಿಗೆಯಲ್ಲಿ ನೋಡನೋಡುತ್ತಾ ಒಣಗುವುದರಿಂದ ಬಟ್ಟೆ ಪಕ್ಕದಲ್ಲೇ ಇರಲಿ.

ಈಗ ಅಸಲು ಕೆಲಸ. ಒಂದು ಮೆತ್ತನೆ ಹಲಗೆಗೆ ಚಾಕುವಿನ ತುದಿ ನೆಡಿ, ಅಲಗಿನ ಬಾಯಿ ನಿಮ್ಮಿಂದ ಆಚೆ ದಿಕ್ಕಿಗಿರಲಿ. ಬಲಗೈಯಲ್ಲಿ ಹಿಡಿ ಹಿಡಿದು, ಅದೇ ಕೈಯ ಹೆಬ್ಬೆರಳಿನ ಉಗುರನ್ನು ಅಲಗಿನ ಪಕ್ಕದಲ್ಲಿ ಊರಿ. ಉಗುರಿಗೂ ಅಲಗಿಗೂ ನಡುವೆ ಇರುವ ಸಂದಿಯೇ ನಿಮ್ಮ ಬಾರಿನ ಅಗಲ. ಬಿಲ್ಲೆಯ ಅಂಚಿನಲ್ಲಿ ಮೊದಲ ಎರಡಿಂಚು ಬಾರನ್ನು ನಿಧಾನಕ್ಕೆ ಬಿಡಿಸಿ, ಆ ತುದಿಯನ್ನು ಎಡಗೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ. ಚಾಕು ಅಲುಗಾಡಬಾರದು, ತೊಗಲೇ ಅಲಗಿಗೆ ಬರಬೇಕು, ತೊಗಲಿನ ಅಂಚು ಉಗುರಿಗೆ ತಾಗಿಕೊಂಡೇ ಸರಿಯಬೇಕು, ಎಳೆತ ಒಂದೇ ಸಮ ಇರಬೇಕು. ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದ ಕಡೆಯೆಲ್ಲ ಒಂದು ಮೆಟ್ಟಿಲು ಮೂಡುತ್ತದೆ, ಆಮೇಲೆ ಅದನ್ನು ಸವರಬೇಕು. ಹೆಬ್ಬೆರಳಿಗೆ ತೊಗಲಿನ ಟೊಪ್ಪಿಗೆ ಹಾಕಿಕೊಂಡರೆ ನಾಚಿಕೆ ಏನಿಲ್ಲ. ಉಗುರಿನ ಅಳತೆ ಕೂರುವವರೆಗೆ ಹಲಗೆಗೆ ಒಂದು ಮೊಳೆ ಹೊಡೆದು ಅದನ್ನೇ ಹೆಬ್ಬೆರಳು ಅಂದುಕೊಳ್ಳಬಹುದು. ಆದರೆ ಮೊಳೆಗೆ ತೊಗಲು ಎಲ್ಲಿ ತೆಳು, ಎಲ್ಲಿ ದಪ್ಪ ಗೊತ್ತಾಗುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ.

ಬಿಲ್ಲೆಯಿಂದ ಬಂದ ಬಾರು ಸುರುಳಿ ಸುರುಳಿ ಇರುತ್ತದೆ. ಕಿಟಕಿಯ ಸರಳಿಗೆ ಒಂದು ತುದಿ ಕಟ್ಟಿ, ಕೈಗೆ ಬಟ್ಟೆ ಸುತ್ತಿಕೊಂಡು ಗಟ್ಟಿಯಾಗಿ, ಜರ್ಕ್ ಕೊಡದೆ ಎಳೆಯಿರಿ. ಹರಿಯುವುದಿದ್ದರೆ ಇಲ್ಲೇ ಹರಿಯಲಿ. ಜಗ್ಗಿದ ಮೇಲೆ ಅಗಲ ಅಲ್ಲಲ್ಲಿ ಏರುಪೇರು ಆಗುತ್ತದೆ, ಅದಕ್ಕೇ ಮೊದಲು 6 ಮಿಲಿಮೀಟರ್ ಇಟ್ಟಿದ್ದು. ಈಗ ಅದೇ ಹೆಬ್ಬೆರಳಿನ ಲೆಕ್ಕದಲ್ಲಿ ಎರಡನೇ ಸಲ ಕೊಯ್ದು 5ಕ್ಕೆ ತನ್ನಿ. ನಾಲ್ಕು ತುಂಡು ಮಾಡಿ, ಪ್ರತಿ ತುಂಡನ್ನೂ ಹಿಡಿಕೆ ಕಡೆಯಿಂದ ತುದಿಗೆ ಹೋಗುತ್ತಾ 3 ಮಿಲಿಮೀಟರಿಗೆ ಇಳಿಸಿ. ತುದಿ ಹಗುರ ಇದ್ದಷ್ಟೂ ವೇಗ ಏರುತ್ತದೆ. ಚೆನ್ನಾಗಿ ಮಾಡಿದ ಚಾವಟಿಯ ತುದಿ ಶಬ್ದದ ವೇಗವನ್ನೂ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್, ದಾಟುತ್ತದೆ. ಚಟ್ ಅನ್ನುವುದು ಅದಕ್ಕೇ.

ಒಳಮೈ ಕಡೆ ಎರಡೂ ಅಂಚನ್ನು ಓರೆಯಾಗಿ ಸ್ವಲ್ಪ ಹೆರೆದರೆ ಎಳೆಗಳು ಒಂದರ ಮೇಲೊಂದು ಚಪ್ಪಟೆಯಾಗಿ ಕೂರುತ್ತವೆ. ಬೇಸರದ ಕೆಲಸ, ಬಿಡಬೇಡಿ.

ಹೆಣೆಯುವ ಮುಂಚೆ ಔಡಲ ಎಣ್ಣೆ ತೆಳ್ಳಗೆ ಸವರಿ. ಅವತ್ತೇ ಹೆಣೆಯದಿದ್ದರೆ ಬಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಧಾರವಾಡದ ಜಿಟಿಜಿಟಿ ಮಳೆಗೆ ಬೂಸ್ಟು ಹಿಡಿಯುತ್ತದೆ. ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ಕಡೆ ನೇತು ಹಾಕಿ.