ರೇಸ್ ಬಿಟ್ಟು ಬಂದ ಕುದುರೆಯನ್ನು ಒಲಿಸಿಕೊಳ್ಳುವ ಬಗೆ

ಬೆಂಗಳೂರು, ಮೈಸೂರಿನ ಸುತ್ತಮುತ್ತ ಸವಾರಿಗೆ ಸಿಗುವ ಕುದುರೆಗಳಲ್ಲಿ ರೇಸ್ ಓಡಿ ಬಿಟ್ಟ, ಓಟಕ್ಕೆಂದೇ ಬೆಳೆಸಿದ ತಳಿಯಾದ ಥರೋಬ್ರೆಡ್‌ಗಳು ಬಹಳ. ತೂಕ ಸುಮಾರು 450 ಕೆಜಿ, ಇನ್ನೂ ಎಳೆ ಪ್ರಾಯ. ಆದರೆ ಅದು ಕಂಡಿರುವುದು ಒಂದೇ ದಿನಚರಿ: ನಸುಕಿನಲ್ಲಿ ಟ್ರ್ಯಾಕು, ಉಳಿದ ಹೊತ್ತೆಲ್ಲ ಲಾಯ. ಅಂಥದ್ದು ನಿಮ್ಮ ಲಾಯಕ್ಕೆ ಬಂದರೆ ಮೊದಲ ಹದಿನೈದು ದಿನ ಜೀನನ್ನು ಮೂಲೆಯಲ್ಲೇ ಇಟ್ಟಿರಿ.

ಮೊದಲು ಹೊಟ್ಟೆ ನೋಡಿ. ರೇಸ್ ಕುದುರೆಗಳಲ್ಲಿ ಜಠರದ ಹುಣ್ಣು ಸಾಮಾನ್ಯ. ಕಾಳು ಹೆಚ್ಚು, ಹುಲ್ಲು ಕಡಿಮೆ, ಗಂಟೆಗಟ್ಟಲೆ ಖಾಲಿ ಹೊಟ್ಟೆ, ಇದೇ ಕಾರಣ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವ ಕುದುರೆಗೆ ಪೊಗರು ಎನ್ನುವವರೇ ಹೆಚ್ಚು. ಎಷ್ಟೋ ಸಲ ಅದು ನೋವು. ವೈದ್ಯರಿಗೆ ತೋರಿಸದೆ ಶಿಸ್ತು ಕಲಿಸಲು ಹೋಗಬೇಡಿ. ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣಹುಲ್ಲು ಬೇಕು, ಅಂದರೆ ಈ ಗಾತ್ರದ ಕುದುರೆಗೆ 7ರಿಂದ 9 ಕೆಜಿ. ಅದನ್ನು ನಾಲ್ಕೈದು ಸಲ ಹಂಚಿ ಹಾಕಿ. ಹುರುಳಿಯೋ ಓಟ್ಸೋ, ಕಾಳು ಒಂದು ಹೊತ್ತಿಗೆ 2 ಕೆಜಿ ಮೀರಬಾರದು. ಹಳೆಯ ಮೇವಿನಿಂದ ಹೊಸದಕ್ಕೆ ಬರಲು ಏಳರಿಂದ ಹತ್ತು ದಿನ ಹಿಡಿಯಲಿ. ಕುದುರೆ ವಾಂತಿ ಮಾಡಲಾರದು. ಒಳಗೆ ಹೋದದ್ದು ಕೆಟ್ಟರೆ ಹೊಟ್ಟೆಶೂಲೆಯೇ ಗತಿ.

ಇನ್ನು ಹತ್ತಿರ ಹೋಗುವುದು. ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಸುತ್ತಲೂ ಬಹುಪಾಲು ಕಂಡರೂ ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಕುರುಡು. ಆದ್ದರಿಂದ ಎಡಹೆಗಲಿನ ಕಡೆಗೆ, ಓರೆಯಾಗಿ, ಏನಾದರೂ ಮಾತಾಡುತ್ತ ನಡೆಯಿರಿ. ಎರಡು ಮಾರು ದೂರದಲ್ಲಿ ನಿಲ್ಲಿ. ಒಂದು ಕಿವಿ ನಿಮ್ಮತ್ತ ತಿರುಗುವವರೆಗೆ ಕಾಯಿರಿ. ಕಿವಿ ಹಿಂದಕ್ಕೆ ಅಂಟಿ ಮೂಗಿನ ಹೊಳ್ಳೆ ಬಿಗಿದಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ, ಮುಂದೆ ಬೇಡ. ಆಮೇಲೆ ಕೈಯನ್ನು ತಗ್ಗಿಸಿ, ಅಂಗೈ ಕೆಳಗೆ ಮಾಡಿ ಚಾಚಿ. ಅದೇ ಬಂದು ಮೂಸಲಿ.

ಮೊದಲ ಮುಟ್ಟು ಮುಖಕ್ಕಲ್ಲ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ದಿಬ್ಬ ಇದೆಯಲ್ಲ, ಅಲ್ಲಿಗೆ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದೂ ಅಲ್ಲೇ; ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ. ಪಟಪಟ ತಟ್ಟಬೇಡಿ, ತಟ್ಟುವುದು ನಮಗೆ ಶಹಬ್ಬಾಸ್, ಅದಕ್ಕೆ ಬರೀ ಏಟು. ನಾಲ್ಕು ಬೆರಳ ತುದಿಯಿಂದ ಒತ್ತಿ, ವೃತ್ತಾಕಾರವಾಗಿ ಕೆರೆಯಿರಿ. ಮೇಲ್ದುಟಿ ಉದ್ದವಾಗಿ ಅದುರತೊಡಗಿದರೆ ಸರಿಯಾದ ಜಾಗ ಸಿಕ್ಕಿತು. ಆಗಲೇ, ಅದು ಇನ್ನೂ ಬೇಕೆನ್ನುವಾಗಲೇ, ಕೈ ತೆಗೆದು ಹೊರಟುಬಿಡಿ. ದಿನಕ್ಕೆ ಮೂರು ಸಲ ಐದೈದು ನಿಮಿಷ ಸಾಕು.

ತಿಂಡಿ ಕೊಟ್ಟು ಒಲಿಸಿಕೊಳ್ಳುತ್ತೇವೆ ಎನ್ನುವವರಿದ್ದಾರೆ. ಕುದುರೆ ಆಗ ಜೇಬನ್ನು ಒಲಿಯುತ್ತದೆ, ವಾರದೊಳಗೆ ಬೆರಳು ಕಚ್ಚುತ್ತದೆ. ಕ್ಯಾರೆಟ್ ಕೊಡಲೇಬೇಕೆಂದರೆ ಉದ್ದಕ್ಕೆ ಸೀಳಿ ಬೋಗುಣಿಯಲ್ಲಿ ಹಾಕಿ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದರೆ ಗಂಟಲಲ್ಲಿ ಸಿಕ್ಕಬಹುದು.

ನಿಜವಾದ ಪಾಠ ಹಗ್ಗದಲ್ಲಿದೆ. ಹಾಲ್ಟರ್, ಅಂದರೆ ಕಡಿವಾಣವಿಲ್ಲದ ತಲೆಪಟ್ಟಿ, ಹಾಕಿ ಮೂರು ಮೀಟರ್ ಹಗ್ಗ ಹಿಡಿಯಿರಿ. ಕೈಗೆ ಸುತ್ತಿಕೊಳ್ಳಲೇಬೇಡಿ, ಬೆದರಿ ಓಡಿದರೆ ಬೆರಳು ಹೋಗುತ್ತದೆ. ಮಡಿಕೆ ಮಾಡಿ ಹಿಡಿದರೆ ಸಾಕು. ಮುಂದಕ್ಕೆ ಹಗುರಾಗಿ ಎಳೆದು, ಅದೇ ಬಿಗಿಯಲ್ಲಿ ಕಾಯಿರಿ, ಜಗ್ಗಬೇಡಿ. ಒಂದು ಕಾಲು ಮುಂದಿಟ್ಟಿತೋ, ತಕ್ಷಣ ಸಡಿಲ ಬಿಡಿ. ಕುದುರೆ ಕಲಿಯುವುದು ಎಳೆದಾಗಲ್ಲ, ಬಿಟ್ಟಾಗ. ಅದು ಹಿಂದಕ್ಕೆ ಜಗ್ಗುತ್ತಿರುವಾಗ ನಿಮ್ಮ ಕೈ ಸೋತು ಸಡಿಲವಾದರೆ, ಜಗ್ಗಿದರೆ ಬಿಡುಗಡೆ ಎಂಬುದನ್ನು ನೀವೇ ಕಲಿಸಿದಂತಾಯಿತು. ನಾಳೆ ಇನ್ನೂ ಜೋರಾಗಿ ಜಗ್ಗುತ್ತದೆ.

ನಿಮ್ಮ ಮೈಯೂ ಮಾತಾಡುತ್ತಿರುತ್ತದೆ. ಬರ್ಲಿನ್‌ನಲ್ಲಿ ಲೆಕ್ಕ ಬಿಡಿಸುವ ಕುದುರೆಯೆಂದು ಹೆಸರಾಗಿದ್ದ ಹಾನ್ಸ್ ಕಾಲು ಕುಟ್ಟಿ ಉತ್ತರ ಹೇಳುತ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ ತಮಗರಿಯದೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಅದನ್ನೇ ನೋಡಿ ಅದು ನಿಲ್ಲಿಸುತ್ತಿತ್ತು ಎಂದು 1907ರಲ್ಲಿ ಪರೀಕ್ಷಿಸಿದ ಮನೋವಿಜ್ಞಾನಿ ಆಸ್ಕರ್ ಫುಂಗ್ಸ್ಟ್ ಕಂಡುಕೊಂಡರು. ನೀವು ಉಸಿರು ಬಿಗಿಹಿಡಿದು ಹೋದರೆ ನಿಮ್ಮ ಕುದುರೆಗೂ ಅದು ಕಾಣುತ್ತದೆ. ಸಿಟ್ಟು ಬಂದ ದಿನ ಮೇವು ಹಾಕಿ ಬಂದುಬಿಡಿ.

ಒಂದು ವಾರದ ಮೇಲೆ ಕಾಲು ಎತ್ತಿಸಿ. ಎಡ ಮುಂಗಾಲಿನ ಪಕ್ಕ, ಬಾಲದ ಕಡೆ ಮುಖ ಮಾಡಿ ನಿಲ್ಲಿ. ಹೆಗಲಿನಿಂದ ಕೈ ಜಾರಿಸುತ್ತ ಇಳಿದು, ಮಂಡಿಯ ಕೆಳಗೆ ಹಿಂದಿನ ಸ್ನಾಯುರಜ್ಜುವನ್ನು (ಟೆಂಡನ್) ಮೆಲ್ಲನೆ ಹಿಂಡಿ. ಭಾರ ಆಚೆ ಕಾಲಿಗೆ ಸರಿದ ಮೇಲೆ ಗೊರಸು ಎತ್ತಿ. ಮೊದಲ ದಿನ ಎರಡು ಸೆಕೆಂಡು ಹಿಡಿದು, ಅದು ಒದರುವ ಮೊದಲೇ ನೀವೇ ನೆಲಕ್ಕಿಡಿ, ಬೀಳಿಸಬೇಡಿ. ಹಿಂಗಾಲು ಎತ್ತುವಾಗ ಕುದುರೆಯ ಸೊಂಟಕ್ಕೆ ಅಂಟಿಕೊಂಡೇ ನಿಲ್ಲಿ. ಒದೆತದ ಪೂರ್ಣ ಬಲ ಒಂದು ಮಾರು ದೂರದಲ್ಲಿರುತ್ತದೆ. ಗೊರಸು ಶುಚಿಮಾಡುವ ಕೊಕ್ಕೆಯನ್ನು ಹಿಮ್ಮಡಿಯಿಂದ ತುದಿಯತ್ತ ಎಳೆದು ಲದ್ದಿ, ಕಲ್ಲು ತೆಗೆಯಿರಿ. ನಡುವಿನ ಮೆತ್ತನೆಯ ತ್ರಿಕೋನದ ಇಕ್ಕೆಲದ ಸಂದಿಯಿಂದ ಕೊಳೆತ ವಾಸನೆ ಬಂದರೆ ಲಾಯದ ನೆಲ ಒದ್ದೆಯಿರುವ ಸಂಭವ ಹೆಚ್ಚು. ಲಾಳ ಕಟ್ಟುವವರನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕರೆಸಿ.

ಜೀನು ಹಾಕುವ ದಿನ ಬಂದಾಗ ಎರಡು ಹಳೆಯ ಅಭ್ಯಾಸ ಎದುರಾಗುತ್ತವೆ. ಲಗಾಮು ಬಿಗಿಯಾದರೆ ರೇಸ್ ಕುದುರೆಗೆ ಅದು ಲಗಾಮಿಗೆ ಆತುಕೊಂಡು ಓಡು ಎಂಬ ಸೂಚನೆ. ಭಯಬಿದ್ದು ಎಳೆದಷ್ಟೂ ವೇಗ ಏರುತ್ತದೆ. ಲಗಾಮು ಸಡಿಲಿಸಿ, ಒಂದೇ ಕಡೆ ಮೃದುವಾಗಿ ತಿರುಗಿಸಿ, ದೊಡ್ಡ ವೃತ್ತಕ್ಕೆ ತನ್ನಿ. ಇನ್ನೊಂದು, ಜಾಕಿಯನ್ನು ಯಾರೋ ಕಾಲು ಹಿಡಿದು ಮೇಲೆತ್ತುತ್ತಿದ್ದರು, ಕುದುರೆ ನಡೆಯುತ್ತಲೇ ಇರುತ್ತಿತ್ತು. ಹತ್ತುವಾಗ ಸುಮ್ಮನೆ ನಿಲ್ಲಬೇಕೆಂಬುದು ಅದಕ್ಕೆ ಗೊತ್ತೇ ಇಲ್ಲ. ಗಟ್ಟಿ ಪೀಠವೊಂದನ್ನು ಪಕ್ಕಕ್ಕಿಟ್ಟು ಅದರ ಮೇಲೆ ನಿಲ್ಲಿ, ಕತ್ತಿನ ಬುಡದ ಆ ದಿಬ್ಬ ಕೆರೆಯಿರಿ, ಇಳಿಯಿರಿ. ಮರುದಿನ ಜೀನಿನ ಪಕ್ಕ ತೂಗುವ ರಿಕಾಪಿಗೆ ಕಾಲಿಟ್ಟು ಅರ್ಧ ಭಾರ ಹಾಕಿ, ಇಳಿಯಿರಿ. ಕಾಲು ಕದಲಿಸದೆ ಐದಾರು ಸಲ ನಿಂತ ಮೇಲೆ ಕೂರಬಹುದು.