ಶಾಫ್ಟ್ ಮುರಿದಾಗ ಮೊದಲು ನೋಡಬೇಕಾದ್ದು ಕಾರ್ಬನ್ ಅಲ್ಲ

ಪೀಣ್ಯದ ಒಂದು ಲೋಹ ಪರೀಕ್ಷೆ ಲ್ಯಾಬಿನಲ್ಲಿ ನನ್ನ ಕೆಲಸ. ಬೋಲ್ಟು, ಸ್ಪ್ರಿಂಗು, ಗೇರ್ ಹಲ್ಲು, ಶಾಫ್ಟು ಹೀಗೆ ಓಡುತ್ತಿದ್ದಾಗ ಮುರಿದದ್ದೆಲ್ಲ ನಮ್ಮ ಮೇಜಿಗೆ ಬರುತ್ತದೆ, ಯಾಕೆ ಮುರಿಯಿತು ಅಂತ ನಾವು ಹೇಳಬೇಕು. ತರುವವರು ಎಷ್ಟೋ ಸಲ ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. "ಮೇಡಂ, ಮೆಟೀರಿಯಲ್ ಸರಿ ಇಲ್ಲ. ಒಂದು ಕೆಮಿಕಲ್ ಟೆಸ್ಟ್ ಮಾಡಿ ಕೊಟ್ಟುಬಿಡಿ, ಸಾಕು." ಸರಿ ಇಲ್ಲದ ಮೆಟೀರಿಯಲ್ ಬರುವುದೇ ಇಲ್ಲ ಅಂತಲ್ಲ. ಆದರೆ ನಾನು ನೋಡಿದ ಮುರಿತಗಳಲ್ಲಿ ಜಾಸ್ತಿ ಪಾಲು ಉಕ್ಕು ಸರಿಯಾಗೇ ಇತ್ತು, ಆಮೇಲೆ ಅದಕ್ಕೆ ಯಾರೋ ಏನೋ ಮಾಡಿದ್ದರು. ಮೂಲೆಯನ್ನು ಚೂಪಾಗಿ ಕಡಿದಿರುತ್ತಾರೆ, ನಟ್ಟು ಸಡಿಲ ಬಿಟ್ಟಿರುತ್ತಾರೆ, ಇಲ್ಲಾಂದ್ರೆ ವೆಲ್ಡಿಂಗ್ ಹೊಡೆಸಿರುತ್ತಾರೆ.

ಒಂದು ಜಲ್ಲಿ ಕ್ರಷರ್‌ನಿಂದ ಬಂದ ಶಾಫ್ಟಿನ ಕಥೆ ಹೇಳುತ್ತೇನೆ, ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. ಕನ್ವೇಯರ್ ಬೆಲ್ಟಿನ ಹೆಡ್ ಡ್ರಮ್ಮಿಗೆ, ಅಂದರೆ ಬೆಲ್ಟಿನ ಮುಂದಿನ ತುದಿಯ ಡ್ರಮ್ಮಿಗೆ, ಹಾಕಿದ್ದ ಶಾಫ್ಟ್. ಸುಮಾರು 100 ಮಿ.ಮೀ. ದಪ್ಪ, ಇಎನ್8 ಅನ್ನುವ ಮಧ್ಯಮ ಕಾರ್ಬನ್ ಗ್ರೇಡಿನ ಉಕ್ಕು. ಬೇರಿಂಗ್ ಕೂರುವ ಜಾಗದಲ್ಲೇ ಎರಡು ತುಂಡಾಗಿತ್ತು. ಜೊತೆಗೆ ಬೇರೆ ಲ್ಯಾಬಿನ ಒಂದು ರಿಪೋರ್ಟ್ ಇತ್ತು, ಅದರಲ್ಲಿ ಕಾರ್ಬನ್ ಶೇ. 0.09. ಇಎನ್8ರಲ್ಲಿ 0.36ರಿಂದ 0.44 ಇರಬೇಕು. ಅಂದರೆ ಇದು ಸಾದಾ ಎಂಎಸ್ (ಮೈಲ್ಡ್ ಸ್ಟೀಲ್, ಕಡಿಮೆ ಕಾರ್ಬನ್ ಉಕ್ಕು) ರಾಡು, ಮೋಸ ಆಗಿದೆ ಅಂತ ಕ್ರಷರ್‌ನವರು ಸಪ್ಲೈಯರ್‌ನ ಬೇರೊಂದು ಬಿಲ್ ತಡೆಹಿಡಿದಿದ್ದರು. ಸಪ್ಲೈಯರ್ ಹತ್ತಿರ ಟೆಸ್ಟ್ ಸರ್ಟಿಫಿಕೇಟ್ ಇತ್ತು, ಅದರಲ್ಲಿ ಕಾರ್ಬನ್ 0.41. ಅವರ ವಾದ, ಬೆಲ್ಟಿಗೆ ಓವರ್‌ಲೋಡ್ ಮಾಡಿದ್ದೀರಿ ಅಂತ. ಇಬ್ಬರ ನಡುವೆ ಬೈಸಿಕೊಂಡವನು ಬೆಲ್ಟ್ ಆಪರೇಟರ್.

ನಾನು ಎರಡು ಕಾಗದವನ್ನೂ ಪಕ್ಕಕ್ಕಿಟ್ಟೆ. ಮೊದಲು ಮುರಿದ ಮುಖ ನೋಡಬೇಕು. ಎರಡು ತುಂಡನ್ನು ಒಂದಕ್ಕೊಂದು ಜೋಡಿಸಿ "ನೋಡಿ ಮೇಡಂ, ಹೀಗೆ ಮುರಿದಿದೆ" ಅಂತ ತೋರಿಸುವ ಚಟ ಎಲ್ಲರಿಗೂ ಇದೆ. ದಯವಿಟ್ಟು ಅದನ್ನು ಮಾಡಬೇಡಿ. ಮುಖಗಳು ಉಜ್ಜಿಕೊಂಡರೆ ಬಿರುಕಿನ ಸಣ್ಣ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ವೈರ್ ಬ್ರಷ್ ಹಾಕಿ ತಿಕ್ಕುವುದು, ತುಕ್ಕು ಹೋಗಲಿ ಅಂತ ಆಸಿಡ್ ಹಾಕುವುದು, ಇವೂ ಬೇಡ. ಮುರಿದ ತಕ್ಷಣ ಸ್ವಲ್ಪ ಎಣ್ಣೆ ಹಚ್ಚಿ, ಎರಡು ತುಂಡನ್ನೂ ಬೇರೆ ಬೇರೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಳಿಸಿದರೆ ಸಾಕು. ಈ ಶಾಫ್ಟಿನ ಮುಖಕ್ಕೆ ಗ್ರೀಸ್ ಮೆತ್ತಿಕೊಂಡಿತ್ತು, ಅದು ಒಳ್ಳೆಯದೇ ಆಯಿತು, ತುಕ್ಕು ಹಿಡಿದಿರಲಿಲ್ಲ. ಅಸಿಟೋನ್ ಹಾಕಿ ಮೆತ್ತನೆಯ ನೈಲಾನ್ ಬ್ರಷ್‌ನಿಂದ ತೊಳೆದೆ. ತೊಳೆಯುವ ಮೊದಲೇ ಫೋಟೋ ತೆಗೆಯಬೇಕು, ಆಮೇಲೆ ಇನ್ನೊಮ್ಮೆ.

ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಬರಿಗಣ್ಣಿಗೇ ಎಷ್ಟೋ ಕಾಣುತ್ತದೆ. ಮೊಬೈಲ್ ಟಾರ್ಚ್ ಸಾಕು. ಮುಖದ ಬಹುಪಾಲು ನಯವಾಗಿತ್ತು, ಒಂದರ ಹಿಂದೆ ಒಂದು ಕಮಾನು ಗೆರೆಗಳಿದ್ದವು. ಇವಕ್ಕೆ ಬೀಚ್ ಮಾರ್ಕ್ ಅನ್ನುತ್ತಾರೆ. ಬಿರುಕು ಒಂದೇ ಏಟಿಗೆ ಹೋಗಿಲ್ಲ, ಮಷೀನು ಓಡುತ್ತ ನಿಲ್ಲುತ್ತ ಇರುವಾಗ ಬಿರುಕೂ ಸ್ವಲ್ಪ ಮುಂದೆ ಹೋಗಿ ನಿಂತು, ಮತ್ತೆ ಹೋಗಿ, ಹೀಗೆ ಬೆಳೆದಿದೆ ಅಂತ ಅರ್ಥ. ಅಂದರೆ ಫಟೀಗ್. ಕೊನೆಗೆ ಉಳಿದ ಉಕ್ಕಿಗೆ ಭಾರ ಹೊರಲಾಗದೆ ಫಟ್ ಅಂತ ಮುರಿದ ಜಾಗ ಒರಟಾಗಿರುತ್ತದೆ. ಇಲ್ಲಿ ಆ ಒರಟು ಜಾಗ ಇಡೀ ಮುಖದಲ್ಲಿ ಐದನೇ ಒಂದು ಭಾಗವೂ ಇರಲಿಲ್ಲ, ಮಧ್ಯದಿಂದ ಸ್ವಲ್ಪ ಸರಿದು ಕೂತಿತ್ತು. ಇದು ಮುಖ್ಯ. ಲೋಡು ಜಾಸ್ತಿ ಇದ್ದಿದ್ದರೆ ಬಿರುಕು ಸ್ವಲ್ಪ ಬೆಳೆಯುವಷ್ಟರಲ್ಲೇ ಶಾಫ್ಟ್ ಕೈಕೊಡುತ್ತಿತ್ತು, ಒರಟು ಜಾಗ ದೊಡ್ಡದಾಗಿರುತ್ತಿತ್ತು. ಇಷ್ಟು ಚಿಕ್ಕದು ಉಳಿಯುವ ತನಕ ತಡೆದುಕೊಂಡಿದೆ ಅಂದರೆ ಲೋಡು ಕಡಿಮೆಯೇ ಇತ್ತು. ಆಪರೇಟರ್ ಬೈಗುಳ ತಿನ್ನಬೇಕಾಗಿರಲಿಲ್ಲ.

ಇಲ್ಲೊಂದು ಮಾತು. ವರ್ಕ್‌ಶಾಪ್‌ಗಳಲ್ಲಿ ಈಗಲೂ "ಶಾಫ್ಟ್ ಓಡಿ ಓಡಿ ಕ್ರಿಸ್ಟಲ್ ಆಗಿಬಿಟ್ಟಿದೆ" ಅಂತ ಹೇಳುವವರಿದ್ದಾರೆ. ಕೊನೆಗೆ ಮುರಿದ ಜಾಗದಲ್ಲಿ ಮಿನುಗುವ ಕಾಳುಗಳು ಕಂಡರೆ ಹಾಗನ್ನಿಸುವುದು ಸಹಜ. ಈ ನಂಬಿಕೆ ಬಹಳ ಹಳೆಯದು. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲು ಇಂಜಿನ್ನಿನ ಆಕ್ಸಲ್ ಮುರಿದು ಬಿತ್ತು, ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಗಲೂ ಕಬ್ಬಿಣದ ಒಳರಚನೆಯೇ ಬದಲಾಗುತ್ತದೆ ಅನ್ನುವ ವಾದ ಜೋರಾಗಿತ್ತು. ಸ್ಕಾಟ್ಲೆಂಡಿನ ಇಂಜಿನಿಯರ್ ರ‍್ಯಾಂಕಿನ್ ಮುರಿದ ಆಕ್ಸಲ್‌ಗಳನ್ನು ನೋಡಿ, ಹಾಗಲ್ಲ, ದಪ್ಪ ಬದಲಾಗುವ ಚೂಪು ಮೂಲೆಯಲ್ಲಿ ಬಿರುಕು ಹುಟ್ಟಿ ನಿಧಾನಕ್ಕೆ ಒಳಗೆ ಹೋಗುತ್ತದೆ, ಆ ಮೂಲೆಯನ್ನು ದುಂಡಗೆ ಮಾಡಿ ಅಂದರು. ಆಮೇಲೆ ಜರ್ಮನಿಯಲ್ಲಿ ವ್ಯೋಲರ್ ರೈಲ್ವೆ ಆಕ್ಸಲ್‌ಗಳನ್ನು ತಿರುಗಿಸಿ ತಿರುಗಿಸಿ ಪರೀಕ್ಷೆ ಮಾಡಿ, ಒಂದು ಏಟಿಗೆ ಮುರಿಯದ ಲೋಡೇ ಸಾವಿರಾರು ಸಲ ಬಂದರೆ ಮುರಿಯಬಲ್ಲದು ಅಂತ ಲೆಕ್ಕ ಸಮೇತ ತೋರಿಸಿದರು. ಉಕ್ಕು ಯಾವಾಗಲೂ ಕ್ರಿಸ್ಟಲ್ಲೇ, ಓಡಿ ಆಗುವಂಥದ್ದೇನಿಲ್ಲ.

ಶಾಫ್ಟಿಗೆ ಬರೋಣ. ಫಟೀಗ್ ಅಂತ ಬರೆದು ರಿಪೋರ್ಟ್ ಮುಗಿಸುವವರಿದ್ದಾರೆ. ಅದರಿಂದ ಗಿರಾಕಿಗೆ ಏನೂ ಉಪಯೋಗ ಇಲ್ಲ. ಬಿರುಕು ಎಲ್ಲಿ ಹುಟ್ಟಿತು, ಅಲ್ಲೇ ಯಾಕೆ ಹುಟ್ಟಿತು, ಅದು ಬೇಕು. ಕಮಾನು ಗೆರೆಗಳನ್ನು ಹಿಂದಕ್ಕೆ ಹಿಂಬಾಲಿಸುತ್ತ ಹೋದರೆ ಹುಟ್ಟಿದ ಜಾಗ ಸಿಗುತ್ತದೆ. ಸುತ್ತಲೂ ಸಣ್ಣ ಸಣ್ಣ ಮೆಟ್ಟಿಲಿನಂಥ ಗೆರೆಗಳೂ ಕಂಡವು. ಇವು ರಾಚೆಟ್ ಮಾರ್ಕ್. ಪಕ್ಕಪಕ್ಕದಲ್ಲಿ ಬೇರೆ ಬೇರೆ ಬಿರುಕುಗಳು ಹುಟ್ಟಿ ಆಮೇಲೆ ಒಂದಾದಾಗ ಆಗುವಂಥವು. ಸಾಮಾನ್ಯವಾಗಿ ಇವು ಹೊರ ಅಂಚಿನಿಂದಲೇ ಶುರುವಾಗುತ್ತವೆ, ಯಾಕೆಂದರೆ ಬಾಗುವ ಶಾಫ್ಟಿನಲ್ಲಿ ಎಳೆತ ಜಾಸ್ತಿ ಇರುವುದು ಮೇಲ್ಮೈಯಲ್ಲೇ. ಇಲ್ಲಿ ಹಾಗಿರಲಿಲ್ಲ! ಅಂಚಿನಿಂದ ಸುಮಾರು 3 ಮಿ.ಮೀ. ಒಳಗೆ ಶುರುವಾಗಿದ್ದವು. ಅದರ ಹೊರಗೆ ಸುತ್ತಲೂ ಒಂದು ಪಟ್ಟಿ, ಬಣ್ಣವೂ ಒರಟುತನವೂ ಬೇರೆ ಥರ. ಆ ಪಟ್ಟಿ ನೋಡಿದ ಮೇಲೆ ನನಗೆ ಆ 0.09ರ ಮೇಲೆ ಅನುಮಾನ ಬಂತು.

ಕ್ರಷರ್‌ನ ಸೂಪರ್‌ವೈಸರ್‌ಗೆ ಫೋನ್ ಮಾಡಿ ಈ ಶಾಫ್ಟಿಗೆ ಯಾವತ್ತಾದರೂ ರಿಪೇರಿ ಆಗಿತ್ತಾ ಅಂತ ಕೇಳಿದೆ. "ಇಲ್ಲ ಮೇಡಂ, ಹೊಸದು ಹಾಕಿದ್ದು, ಹಾಗೇ ಇತ್ತು." ಈ ಉತ್ತರ ನನಗೆ ಹೊಸದಲ್ಲ.

ಮುರಿದ ಮುಖಕ್ಕೆ ಬಿಸಿ ತಾಗದಂತೆ, ಕೂಲಂಟ್ ಬಿಡುತ್ತ, ಉದ್ದಕ್ಕೆ ಒಂದು ತುಂಡು ಕತ್ತರಿಸಿದೆ. ಎಮೆರಿ ಕಾಗದದಲ್ಲಿ ಉಜ್ಜಿ ಪಾಲಿಶ್ ಮಾಡಿ ನೈಟಾಲ್ ಹಚ್ಚಿದೆ. ನೈಟಾಲ್ ಅಂದರೆ ಬೇರೇನಲ್ಲ, ಆಲ್ಕೋಹಾಲಿನಲ್ಲಿ ಶೇ. 2ರಷ್ಟು ನೈಟ್ರಿಕ್ ಆಸಿಡ್. ಹಚ್ಚಿ ಸ್ವಲ್ಪ ಹೊತ್ತಿಗೆ ಮೂರು ಪದರ ಬಿಡಿಸಿಕೊಂಡವು. ಹೊರಗೆ ವೆಲ್ಡಿಂಗ್ ಲೋಹ, ಅದರ ಕೆಳಗೆ ಬಿಸಿ ತಾಗಿದ ಕಪ್ಪು ಪಟ್ಟಿ, ಅದರ ಒಳಗೆ ಮೂಲ ಶಾಫ್ಟ್. ಬೇರಿಂಗ್ ಜಾಗ ಸವೆದಿದ್ದಕ್ಕೆ ಯಾರೋ ವೆಲ್ಡಿಂಗ್ ಬಿಲ್ಡಪ್ ಹೊಡೆಸಿ, ಅಂದರೆ ಮೇಲೆ ವೆಲ್ಡಿಂಗ್ ಲೋಹ ತುಂಬಿಸಿ, ಲೇತ್‌ನಲ್ಲಿ ಸೈಜಿಗೆ ತಂದಿದ್ದರು. ಟರ್ನರ್ ಕೈ ಚೆನ್ನಾಗಿತ್ತು, ಹೊರಗಿನಿಂದ ನೋಡಿದರೆ ಸುಳಿವೇ ಇರಲಿಲ್ಲ.

ಕಾರ್ಬನ್ ಜಗಳವೂ ಇಲ್ಲಿಗೆ ಬಿಡಿಸಿಕೊಂಡಿತು. ಆ ಲ್ಯಾಬಿನವರು ಬೇರಿಂಗ್ ಜಾಗದ ಮೇಲ್ಮೈಯನ್ನೇ ಸ್ವಲ್ಪ ಚಪ್ಪಟೆ ಮಾಡಿ ಸ್ಪೆಕ್ಟ್ರೋ (ಕಿಡಿಯ ಬೆಳಕಿನಿಂದ ಲೋಹದಲ್ಲಿ ಏನೇನಿದೆ ಅಂತ ಅಳೆಯುವ ಯಂತ್ರ) ಸ್ಪಾರ್ಕ್ ಹೊಡೆದಿದ್ದರು. ಅವರಿಗೆ ಸಿಕ್ಕಿದ್ದು ವೆಲ್ಡಿಂಗ್ ರಾಡಿನ ಕಾರ್ಬನ್. ನಾನು ಶಾಫ್ಟಿನ ಒಳಭಾಗದಲ್ಲಿ ಹೊಡೆದೆ, 0.40 ಬಂತು. ಎರಡು ರಿಪೋರ್ಟೂ ನಿಜವೇ. ಸ್ಯಾಂಪಲ್ ಎಲ್ಲಿಂದ ತೆಗೆದದ್ದು ಅಂತ ರಿಪೋರ್ಟಿನಲ್ಲಿ ಬರೆಯದಿದ್ದರೆ ಆಗುವ ಅನಾಹುತ ಇದು.

ಗಡಸುತನ ನೋಡಿದೆ. ಒಳಗಿನ ಉಕ್ಕು 200 ವಿಕರ್ಸ್ ಆಸುಪಾಸು, ಇಎನ್8ಗೆ ಸರಿಯಾದದ್ದೇ. ಆ ಕಪ್ಪು ಪಟ್ಟಿಯಲ್ಲಿ 520! ಯಾಕೆ ಅಂದರೆ, 100 ಮಿ.ಮೀ. ದಪ್ಪದ ತಣ್ಣನೆಯ ಶಾಫ್ಟಿನ ಮೇಲೆ ವೆಲ್ಡಿಂಗ್ ಹೊಡೆದರೆ ಒಳಗಿನ ಅಷ್ಟೂ ಉಕ್ಕು ಬಿಸಿಯನ್ನು ಎಳೆದುಕೊಳ್ಳುತ್ತದೆ. ಕೆಂಪಗಾಗಿದ್ದ ತೆಳು ಪಟ್ಟಿ ಗಬಕ್ಕನೆ ತಣ್ಣಗಾಗುತ್ತದೆ, ನೀರಲ್ಲಿ ಅದ್ದಿದಷ್ಟೇ ಪರಿಣಾಮ. 0.40 ಕಾರ್ಬನ್ ಇದ್ದರೆ ಅದು ಗಟ್ಟಿಯಾದ, ಪೆಡಸಾದ ಮಾರ್ಟೆನ್ಸೈಟ್ ಆಗುತ್ತದೆ. ಎಲೆಕ್ಟ್ರೋಡ್ ತೇವ ಆಗಿದ್ದರೆ ಅದರ ಹೈಡ್ರೋಜನ್ನೂ ಸೇರುತ್ತದೆ. ವೆಲ್ಡಿಂಗ್ ತಣ್ಣಗಾಗಿ ಕುಗ್ಗುವಾಗ ಎಳೆತ ಬೇರೆ. ಈ ಮೂರೂ ಒಂದಾದರೆ ವೆಲ್ಡಿಂಗ್ ಕೆಳಗೆ ಯಾರಿಗೂ ಕಾಣದ ಹಾಗೆ ಸಣ್ಣ ಬಿರುಕುಗಳು ಬರುತ್ತವೆ. ಎಸ್‌ಇಎಂ ಅನ್ನುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಬಿರುಕು ಹುಟ್ಟಿದ ಜಾಗ ನೋಡಿದರೆ ಲೋಹದ ಕಣಗಳು ಕಲ್ಲುಸಕ್ಕರೆ ಹರಳಿನ ಹಾಗೆ ಒಂದೊಂದೇ ಬಿಡಿಯಾಗಿ ಕಾಣುತ್ತಿದ್ದವು. ಬಿರುಕು ಕಣಗಳ ಸಂದಿಯಲ್ಲೇ ಹೋಗಿದೆ ಅಂತ ಅರ್ಥ. ಅಲ್ಲಿಂದ ಮುಂದೆ ಶಾಫ್ಟ್ ತಿರುಗಿದ ಪ್ರತಿ ಸುತ್ತಿಗೂ ಫಟೀಗ್ ಅದನ್ನು ಬೆಳೆಸಿಕೊಂಡು ಹೋಗಿದೆ. (ನಿಜ ಹೇಳಬೇಕೆಂದರೆ ಈ ಕೇಸಿಗೆ ಎಸ್‌ಇಎಂ ಬೇಕೇ ಇರಲಿಲ್ಲ. ಆ ಫೋಟೋ ಇಲ್ಲದಿದ್ದರೆ ರಿಪೋರ್ಟಿಗೆ ತೂಕ ಇಲ್ಲ ಅಂತ ಜನ ಅಂದುಕೊಳ್ಳುತ್ತಾರೆ, ಅದಕ್ಕೆ ಹಾಕುತ್ತೇವೆ.)

ಇಂಥದ್ದೇ ಕಣಗಳ ಸಂದಿಯ ಮುರಿತ ಜಿಂಕ್ ಪ್ಲೇಟಿಂಗ್ ಮಾಡಿದ 12.9 ಗ್ರೇಡ್ (ತುಂಬಾ ಗಟ್ಟಿ ಉಕ್ಕಿನ) ಬೋಲ್ಟುಗಳಲ್ಲೂ ಬರುತ್ತದೆ, ಪ್ಲೇಟಿಂಗ್ ಮಾಡುವಾಗ ಸೇರುವ ಹೈಡ್ರೋಜನ್‌ನಿಂದ. ಸಂಜೆ ಟೈಟ್ ಮಾಡಿ ಹೋದರೆ ಬೆಳಗ್ಗೆ ತಲೆ ಕಳಚಿ ಬಿದ್ದಿರುತ್ತದೆ, ಮಷೀನ್ ಓಡಿಯೇ ಇರುವುದಿಲ್ಲ. ಅಲ್ಲಿ ಬೀಚ್ ಮಾರ್ಕ್ ಹುಡುಕಿದರೆ ಸಿಗುವುದಿಲ್ಲ. ಪ್ಲೇಟಿಂಗ್ ಆದ ಕೂಡಲೇ 200 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಕ್ ಮಾಡಿ ಆ ಹೈಡ್ರೋಜನ್ ಹೊರಗೆ ಕಳಿಸಬೇಕು, ಆ ಬೇಕಿಂಗನ್ನೇ ಬಿಟ್ಟುಬಿಡುವವರು ಜಾಸ್ತಿ.

ನೈಟಾಲ್ ಹಚ್ಚಿದ ತುಂಡಿನ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸಿದ ಮೇಲೆ ಕ್ರಷರ್‌ನವರ ಸ್ಟೋರ್ ಕೀಪರ್ ಬಾಯಿ ಬಿಟ್ಟರು. ಬೇರಿಂಗ್ ಒಳಗೆ ಶಾಫ್ಟ್ ಜಾರುತ್ತಿತ್ತಂತೆ, ಸವೆದಿತ್ತಂತೆ, ಹೊಸದು ಬರಲು ತಡ ಅಂತ ಊರಿನಲ್ಲೇ ಬಿಲ್ಡಪ್ ಮಾಡಿಸಿದ್ದರಂತೆ. ಸರಿ, ಮೊದಲು ಯಾಕೆ ಜಾರಿತು? ಬೇರಿಂಗನ್ನು ಶಾಫ್ಟಿಗೆ ಬಿಗಿಯಾಗಿ ಹಿಡಿಸುವ ಸ್ಲೀವ್ ನಟ್ ಸರಿಯಾಗಿ ಬಿಗಿ ಮಾಡಿರಲಿಲ್ಲ. ಎಲ್ಲದರ ಬುಡ ಅಲ್ಲಿತ್ತು. ಅದನ್ನೂ ರಿಪೋರ್ಟಿನಲ್ಲಿ ಬರೆದೆ, ಇಲ್ಲದಿದ್ದರೆ ಹೊಸ ಶಾಫ್ಟ್ ಹಾಕಿದರೂ ಅದೇ ಜಾಗ ಮತ್ತೆ ಸವೆಯುತ್ತದೆ, ಮತ್ತೆ ಯಾರೋ ವೆಲ್ಡಿಂಗ್ ಸೆಟ್ ತರುತ್ತಾರೆ, ಅಲ್ವಾ?

ಬಿಲ್ಡಪ್ ಮಾಡಲೇಬೇಕು ಅಂದರೆ ಶಾಫ್ಟನ್ನು 200 ಡಿಗ್ರಿ ಹತ್ತಿರ ಕಾಯಿಸಿಕೊಂಡು, ಓವನ್‌ನಲ್ಲಿ ಒಣಗಿಸಿದ 7018 (ಕಡಿಮೆ ಹೈಡ್ರೋಜನ್) ಎಲೆಕ್ಟ್ರೋಡ್ ಬಳಸಿ, ಆಮೇಲೆ ಒಣ ಸುಣ್ಣದ ಪುಡಿಯಲ್ಲಿ ಹೂತಿಟ್ಟು ನಿಧಾನಕ್ಕೆ ಆರಿಸಬೇಕು. ಆದರೂ ಬಾಗುವ ಲೋಡು ಜಾಸ್ತಿ ಇರುವ ಜಾಗಕ್ಕೆ ನಾನು ಬೇಡ ಅಂತಲೇ ಹೇಳುತ್ತೇನೆ. ಹೊಸ ಶಾಫ್ಟಿನ ಖರ್ಚು ಒಂದು ದಿನ ಕ್ರಷರ್ ನಿಂತ ನಷ್ಟಕ್ಕಿಂತ ಕಡಿಮೆ ಅಂತ ಅವರೇ ಆಮೇಲೆ ಒಪ್ಪಿಕೊಂಡರು.

ಸ್ಟೋರಿನಲ್ಲಿ ಇನ್ನೊಂದು ಸ್ಪೇರ್ ಶಾಫ್ಟ್ ಇದೆ, ಅದು ಹೇಗಿದೆಯೋ ಅಂತ ಕೇಳಿದರು. ಅದಕ್ಕೆ ಕತ್ತರಿಸುವುದೇನೂ ಬೇಡ. ಬೇರಿಂಗ್ ಜಾಗದಿಂದ ಪಕ್ಕದ ತನಕ ನುಣ್ಣನೆ ಎಮೆರಿ ಕಾಗದ ಎಳೆದು, ಕೈಗೆ ಗ್ಲೌಸ್ ಹಾಕಿಕೊಂಡು, ಹತ್ತಿಯಲ್ಲಿ ನೈಟಾಲ್ ಅದ್ದಿ ಒರೆಸಿದರೆ ವೆಲ್ಡಿಂಗ್ ಇದ್ದಲ್ಲಿ ಒಂದು ಬಣ್ಣ, ಇಲ್ಲದಲ್ಲಿ ಇನ್ನೊಂದು ಬಣ್ಣ ಬಂದು ನಡುವೆ ಗೆರೆ ಕಾಣುತ್ತದೆ. ಒರೆಸಿದರು, ಒಂದು ಕಡೆ ಗೆರೆ ಬಂತು. ಅದನ್ನು ಗುಜರಿಗೆ ಹಾಕಿದರು. ತಡೆಹಿಡಿದ ಬಿಲ್ ಬಂತಾ ಅಂತ ಸಪ್ಲೈಯರನ್ನು ಕೇಳಿದ್ದಕ್ಕೆ, ಅರ್ಧ ಬಂದಿದೆ ಮೇಡಂ, ಇನ್ನರ್ಧ ಹೊಸ ಶಾಫ್ಟ್ ಕೊಟ್ಟ ಮೇಲಂತೆ ಅಂದರು.