ಇಸಿಯು ಬದಲಿಸುವ ಮೊದಲು ಆ ಎರಡು ವೈರ್ ನೋಡಿ

‘ಇಸಿಯು ಹೋಗಿದೆ, ಹೊಸದೇ ಹಾಕಬೇಕು’ ಎಂದು ಬೇರೆ ಕಡೆ ಹೇಳಿಸಿಕೊಂಡು ನನ್ನಲ್ಲಿಗೆ ಬರುವ ಕಾರುಗಳಲ್ಲಿ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಬಹುಪಾಲು ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಅದಕ್ಕೆ ಹೋಗುವ ದಾರಿ. ನಾನು ಶಿವಮೊಗ್ಗದಲ್ಲಿ ಕಾರುಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಗಾಡಿಗಳೇ ಹೆಚ್ಚು ಬರುತ್ತವೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ಲೈಟೂ ಒಟ್ಟಿಗೆ ಹತ್ತುವ, ಓಡುತ್ತಿರುವಾಗಲೇ ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುವ, ಕೀ ತಿರುಗಿಸಿದರೆ ಸ್ಟಾರ್ಟ್ ಆಗದ ಕಂಪ್ಲೇಂಟುಗಳು ಶುರು. ಇವುಗಳಲ್ಲಿ ಒಂದನ್ನು ಹುಡುಕಿ ಸರಿಮಾಡಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದರ ಜಾಡು ಬೇರೆ ಗಾಡಿಗಳಿಗೂ ಹೊಂದುತ್ತದೆ.

ಈಗಿನ ಕಾರಿನಲ್ಲಿ ಇಂಜಿನ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು), ಪವರ್ ಸ್ಟೀರಿಂಗ್, ಏರ್‌ಬ್ಯಾಗ್ ಎಲ್ಲಕ್ಕೂ ಒಂದೊಂದು ಮಾಡ್ಯೂಲ್, ಅಂದರೆ ಪುಟ್ಟ ಕಂಪ್ಯೂಟರ್. ಇಂಜಿನ್ನಿನ ಮಾಡ್ಯೂಲೇ ಇಸಿಯು. ಡ್ಯಾಶ್‌ಬೋರ್ಡಿನ ಮೀಟರ್ ಕೂಡ ಒಂದು ಮಾಡ್ಯೂಲೇ. ಚಕ್ರದ ವೇಗ ಎಬಿಎಸ್‌ಗೆ ಗೊತ್ತು, ಆದರೆ ಅದು ಮೀಟರಿಗೂ ಬೇಕು, ಸ್ಟೀರಿಂಗಿಗೂ ಬೇಕು. ಒಂದೊಂದು ಸುದ್ದಿಗೂ ಒಂದೊಂದು ವೈರ್ ಎಳೆಯುವ ಬದಲು ಎಲ್ಲರೂ ಒಂದೇ ಜೋಡಿ ವೈರಿನ ಮೇಲೆ ಮಾತಾಡುವ ಪದ್ಧತಿಯೇ ಕ್ಯಾನ್ ಬಸ್. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಡೆಟ್ರಾಯ್ಟ್‌ನಲ್ಲಿ ಇದನ್ನು ಮೊದಲ ಬಾರಿಗೆ ಜಗತ್ತಿನ ಮುಂದಿಟ್ಟಿತು. ಒಂದು ವೈರ್ ಕ್ಯಾನ್ ಹೈ, ಇನ್ನೊಂದು ಕ್ಯಾನ್ ಲೋ. ಸುಮ್ಮನಿರುವಾಗ ಎರಡರಲ್ಲೂ ಸುಮಾರು 2.5 ವೋಲ್ಟ್. ಮಾತಾಡುವಾಗ ಹೈ 3.5ರ ಹತ್ತಿರ ಏರುತ್ತದೆ, ಲೋ 1.5ರ ಹತ್ತಿರ ಇಳಿಯುತ್ತದೆ. ಕೇಳುವವರು ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಎರಡೂ ವೈರ್ ಹೆಣೆದುಕೊಂಡೇ ಹೋಗುವುದರಿಂದ ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಾಗುತ್ತದೆ, ವ್ಯತ್ಯಾಸ ಕೆಡುವುದಿಲ್ಲ. ಬಸ್ಸಿನ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ತುದಿ ಮುಟ್ಟಿದ ಸಿಗ್ನಲ್ ಹಿಂದಕ್ಕೆ ಪುಟಿದು ಬರದಂತೆ ತಡೆಯುವುದು ಅದರ ಕೆಲಸ.

ಗಾಡಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರದು, ಸ್ವಲ್ಪ ಹಳೆಯ ಹ್ಯಾಚ್‌ಬ್ಯಾಕ್. ಬ್ಯಾಟರಿ ಬದಲಿಸಿ ಆಗಿತ್ತು, ಎಬಿಎಸ್ ಸೆನ್ಸರ್ ಬದಲಿಸಿ ಆಗಿತ್ತು. ಕೊನೆಗೆ ಇಸಿಯು ಬದಲಿಸಬೇಕೆಂದು ದೊಡ್ಡದೊಂದು ಮೊತ್ತದ ಚೀಟಿ ಬರೆದುಕೊಟ್ಟಿದ್ದರಂತೆ. ಮಾಡ್ಯೂಲ್‌ಗಳು ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕುವ ಮೊದಲು ನಾನು ಗಾಡಿಯವರನ್ನು ಕೂರಿಸಿ ಮಾತಾಡಿಸುತ್ತೇನೆ. ಯಾವಾಗ ಆಗುತ್ತದೆ, ಹೊಂಡ ಹಾರಿದಾಗಲೋ, ಗಾಡಿ ಬಿಸಿಯಾದ ಮೇಲೋ, ಮಳೆಯಲ್ಲೋ? ಇತ್ತೀಚೆಗೆ ಹೊಸದಾಗಿ ಏನಾದರೂ ಹಾಕಿಸಿದ್ದೀರಾ? ಈ ಪ್ರಶ್ನೆಗಳಿಂದ ಸಿಗುವ ಸುಳಿವು ಎಷ್ಟೋ ಸಲ ಸ್ಕ್ಯಾನರ್ ಕೊಡುವುದಕ್ಕಿಂತ ಹೆಚ್ಚು. ಅವರು ಹೇಳಿದ್ದು ಇಷ್ಟೇ: “ಬಿಸಿಲಿದ್ದ ದಿನ ಏನೂ ಇಲ್ಲ ಮಾರಾಯ್ರೆ. ರಾತ್ರಿಯಿಡೀ ಮಳೆ ಹೊಡೆದು ಬೆಳಿಗ್ಗೆ ಹೊರಟ್ರೆ ಮಾತ್ರ ಮೀಟರ್ ಮಲಗಿಬಿಡುತ್ತೆ, ಸ್ಟೀರಿಂಗ್ ಗಟ್ಟಿಯಾಗುತ್ತೆ. ನಾಲ್ಕು ಹೊಂಡ ಹಾರಿದ ಮೇಲೆ ತನ್ನಷ್ಟಕ್ಕೆ ಸರಿಯಾಗುತ್ತೆ.”

ನೀರು ಮತ್ತು ಅಲುಗಾಟ, ಎರಡೂ ಸೇರಿದರೆ ನನ್ನ ಅನುಮಾನ ನೇರ ಕಪ್ಲರ್‌ಗಳ, ಅಂದರೆ ವೈರ್‌ಗಳನ್ನು ಜೋಡಿಸುವ ಪ್ಲಗ್‌ಗಳ ಮೇಲೆ. ಆದರೂ ಬ್ಯಾಟರಿ ನೋಡದೆ ಮುಂದೆ ಹೋಗುವುದಿಲ್ಲ. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ತೀರಾ ಕುಸಿದರೆ ಮಾಡ್ಯೂಲ್‌ಗಳು ಕ್ಷಣಕಾಲ ಕಣ್ಣು ಮುಚ್ಚಿ, ಇಲ್ಲದ ಕೋಡ್‌ಗಳನ್ನೆಲ್ಲ ಬರೆದಿಡುತ್ತವೆ. ಇಲ್ಲಿ ಬ್ಯಾಟರಿಯೂ ಚಾರ್ಜಿಂಗೂ ಸರಿಯಾಗಿದ್ದವು.

ನಂತರ ಸ್ಕ್ಯಾನರ್. ಇಂಜಿನ್ ಒಂದನ್ನೇ ಓದಿ ಬಿಡಬಾರದು. ಪ್ರತಿ ಮಾಡ್ಯೂಲನ್ನೂ ಓದಿ, ಯಾರು ಯಾರ ಬಗ್ಗೆ ದೂರು ಬರೆದಿದ್ದಾರೆ ಎಂದು ಕಾಗದದ ಮೇಲೆ ಪಟ್ಟಿ ಮಾಡುತ್ತೇನೆ. ಸಂಪರ್ಕದ ಕೋಡ್‌ಗಳು ‘ಯು’ ಅಕ್ಷರದಿಂದ ಶುರುವಾಗುತ್ತವೆ. ಯು0100 ಎಂದರೆ ಇಂಜಿನ್ ಮಾಡ್ಯೂಲ್ ಜೊತೆ ಮಾತು ನಿಂತಿದೆ, ಯು0121 ಎಂದರೆ ಎಬಿಎಸ್ ಜೊತೆ, ಯು0140 ಎಂದರೆ ಲೈಟ್, ಬಾಗಿಲ ಲಾಕ್ ಇತ್ಯಾದಿ ನೋಡಿಕೊಳ್ಳುವ ಬಾಡಿ ಕಂಟ್ರೋಲ್ ಮಾಡ್ಯೂಲ್ ಜೊತೆ. ಯು0100 ಕಂಡ ಕೂಡಲೇ ಇಂಜಿನ್ ಇಸಿಯು ಸತ್ತಿದೆ ಎಂದು ತೀರ್ಮಾನಿಸುವುದೇ ನಮ್ಮ ಕಸುಬಿನಲ್ಲಿ ಗಿರಾಕಿಗಳ ದುಡ್ಡು ಹಾಳುಮಾಡುವ ದೊಡ್ಡ ಕಾರಣ. ಹಾಜರಿ ಪುಸ್ತಕದಲ್ಲಿ ಗೈರು ಎಂದಿದ್ದ ಮಾತ್ರಕ್ಕೆ ಹುಡುಗ ಕಾಯಿಲೆ ಬಿದ್ದಿದ್ದಾನೆ ಎಂದಲ್ಲ, ದಾರಿಯ ಕಾಲುಸಂಕ ಕೊಚ್ಚಿಹೋಗಿರಲೂಬಹುದು.

ಈ ಗಾಡಿಯ ಪಟ್ಟಿ ಬರೆದು ನೋಡಿದಾಗ ಚಿತ್ರ ಬಹಳ ಸ್ಪಷ್ಟವಾಗಿತ್ತು. ಮೀಟರ್, ಸ್ಟೀರಿಂಗ್, ಬಾಡಿ ಕಂಟ್ರೋಲ್ ಮೂರೂ ಇಂಜಿನ್ ಮತ್ತು ಎಬಿಎಸ್ ಕಾಣೆಯಾಗಿವೆ ಎಂದು ಬರೆದಿದ್ದವು. ಇಂಜಿನ್ ಮತ್ತು ಎಬಿಎಸ್ ಬಾಡಿ ಕಂಟ್ರೋಲ್ ಕಾಣೆಯಾಗಿದೆ ಎಂದು ಬರೆದಿದ್ದವು. ಆದರೆ ಇಂಜಿನ್ ಎಬಿಎಸ್ ಬಗ್ಗೆ ದೂರಿರಲಿಲ್ಲ, ಮೀಟರ್ ಸ್ಟೀರಿಂಗ್ ಬಗ್ಗೆ ದೂರಿರಲಿಲ್ಲ. ಬಾನೆಟ್ ಕೆಳಗಿನವರು ತಮ್ಮೊಳಗೆ ಮಾತಾಡುತ್ತಿದ್ದಾರೆ, ಒಳಗಿನವರೂ ತಮ್ಮೊಳಗೆ ಮಾತಾಡುತ್ತಿದ್ದಾರೆ. ಹಾಗಾದರೆ ಯಾವ ಮಾಡ್ಯೂಲೂ ಕೆಟ್ಟಿಲ್ಲ, ಇಬ್ಬರ ನಡುವೆ ಎಲ್ಲೋ ವೈರ್ ಬಿಡುತ್ತಿದೆ. ಇದೇ ಎಲ್ಲರೂ ಒಬ್ಬನ ಬಗ್ಗೆ ಮಾತ್ರ ದೂರಿದ್ದರೆ ಆ ಒಬ್ಬನ ಸಪ್ಲೈ, ಅರ್ತ್, ಅವನಿಗೆ ಹೋಗುವ ಕವಲು ವೈರ್ ನೋಡುತ್ತಿದ್ದೆ. ಎಲ್ಲರೂ ಎಲ್ಲರ ಬಗ್ಗೆಯೂ ದೂರಿ, ಸ್ಕ್ಯಾನರ್‌ಗೆ ಯಾರೂ ಸಿಗದಿದ್ದರೆ ಎಲ್ಲೋ ಶಾರ್ಟ್ ಆಗಿ ಇಡೀ ಬಸ್ಸೇ ಬಿದ್ದಿದೆ ಎಂದರ್ಥ.

ಈಗ ಮಲ್ಟಿಮೀಟರ್. ಸ್ಕ್ಯಾನರ್ ಹಾಕುವ 16 ಪಿನ್ನಿನ ಸಾಕೆಟ್‌ನಲ್ಲಿ 6ನೇ ಪಿನ್ ಕ್ಯಾನ್ ಹೈ, 14ನೇ ಪಿನ್ ಕ್ಯಾನ್ ಲೋ. ಬ್ಯಾಟರಿಯ ನೆಗೆಟಿವ್ ಕಳಚಿ, ಮಾಡ್ಯೂಲ್‌ಗಳೆಲ್ಲ ಆರುವವರೆಗೆ ಸ್ವಲ್ಪ ಹೊತ್ತು ಬಿಟ್ಟು, ಈ ಎರಡರ ನಡುವೆ ಓಮ್ ಅಳೆಯಬೇಕು. ಕರೆಂಟ್ ಇದ್ದಾಗ ಅಳೆದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಎರಡು 120 ಓಮ್ ಪಕ್ಕಪಕ್ಕ (ಪ್ಯಾರಲಲ್ ಆಗಿ) ಸೇರಿ 60ರ ಆಸುಪಾಸು ಬಂದರೆ ಸರಿ. 120 ಬಂದರೆ ಒಂದು ತುದಿಯ ಸಂಪರ್ಕ ತಪ್ಪಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. 40 ಬಂದರೆ ಮೂರನೆಯ ರೆಸಿಸ್ಟರ್ ಇರುವ ಯಾವುದೋ ಉಪಕರಣವನ್ನು ಯಾರೋ ಹೊರಗಿನಿಂದ ಜೋಡಿಸಿದ್ದಾರೆ ಎಂದು ಹುಡುಕಬೇಕು.

ಇಲ್ಲಿ 60 ಬಂತು. ಇಷ್ಟಕ್ಕೆ ‘ವೈರ್ ಸರಿಯಿದೆ’ ಎಂದು ಎದ್ದುಬಿಟ್ಟರೆ ಮತ್ತೆ ಇಸಿಯು ಹತ್ತಿರವೇ ಹೋಗಿ ನಿಲ್ಲುತ್ತೇವೆ. ಬಂದು ಹೋಗುವ ಕಂಪ್ಲೇಂಟಿಗೆ ಅಲುಗಾಡಿಸಿಯೇ ನೋಡಬೇಕು. ಮಲ್ಟಿಮೀಟರ್ ಹಚ್ಚಿಯೇ ಇಟ್ಟು, ಹುಡುಗನಿಗೆ ಸಂಖ್ಯೆ ನೋಡುತ್ತಿರಲು ಹೇಳಿ, ನಾನು ಬಾನೆಟ್ ಕಡೆಯಿಂದ ಒಳಗೆ ಬರುವ ವೈರಿನ ಕಟ್ಟನ್ನು, ಅಂದರೆ ಹಾರ್ನೆಸ್ಸನ್ನು, ಗೇಣು ಗೇಣಾಗಿ ಹಿಡಿದು ಅಲುಗಾಡಿಸುತ್ತ ಬಂದೆ. ಹಳದಿ ಬಣ್ಣದ ಏರ್‌ಬ್ಯಾಗ್ ಕಪ್ಲರ್‌ಗಳಿಗೆ ಮಾತ್ರ ಕೈ ತಾಗಿಸಲಿಲ್ಲ. ಅವುಗಳಿಗೆ ಓಮ್ ಮೀಟರನ್ನೂ ಹಚ್ಚಬಾರದು. ಮುಂದಿನ ಎಡಸೀಟಿನ ಕಾಲಿನ ಬಳಿ, ಪಕ್ಕದ ಪ್ಲಾಸ್ಟಿಕ್ ಪ್ಯಾನಲ್ ಹಿಂದಿನ ಕಪ್ಲರ್ ಹಿಡಿದು ಅಲುಗಿಸಿದಾಗ “ಅಣ್ಣ, ನೂರಿಪ್ಪತ್ತು!” ಎಂದ. ಬಿಟ್ಟರೆ ಅರವತ್ತು, ಅಲುಗಿಸಿದರೆ ನೂರಿಪ್ಪತ್ತು. ಈ ಗಾಡಿಯಲ್ಲಿ ಒಂದು ಟರ್ಮಿನೇಟರ್ (ತುದಿಯ 120 ಓಮ್ ರೆಸಿಸ್ಟರ್) ಇಂಜಿನ್ ಇಸಿಯು ಒಳಗೆ, ಇನ್ನೊಂದು ಡ್ಯಾಶ್‌ಬೋರ್ಡಿನ ಮೀಟರ್ ಒಳಗೆ. ನಡುವಿನ ಸೇತುವೆ ಇದೇ ಕಪ್ಲರ್.

ಪ್ಯಾನಲ್ ಬಿಚ್ಚುವ ಮೊದಲೇ ಮ್ಯಾಟ್ ಎತ್ತಿ ನೋಡಿದೆ. ಮೇಲೆ ಒಣಗಿತ್ತು, ಕೆಳಗಿನ ಫೆಲ್ಟ್ ಒತ್ತಿದರೆ ನೀರು ಜಿನುಗುತ್ತಿತ್ತು. ಕಪ್ಲರ್ ಬಿಡಿಸಿದರೆ ಕ್ಯಾನ್ ಲೋ ಪಿನ್ ಹಸಿರು ಹಿಡಿದು ಅರ್ಧ ಕರಗಿತ್ತು. ಪಕ್ಕದ ಹೈ ಪಿನ್ನಿಗೂ ಹಸಿರು ಹತ್ತಲು ಶುರುವಾಗಿತ್ತು. ಗಾಡಿಯವರನ್ನು ಕರೆದು ತೋರಿಸಿದೆ. ಹೀಗೆ ಕಣ್ಣಾರೆ ತೋರಿಸುವುದನ್ನು ನಾನು ಎಂದೂ ತಪ್ಪಿಸುವುದಿಲ್ಲ, ದುಡ್ಡು ಕೊಡುವವರಿಗೆ ಅದು ಗೊತ್ತಾಗಬೇಕು.

ಪಿನ್ನಿಗೆ ಕೈ ಹಾಕುವ ಮೊದಲು ನೀರಿನ ದಾರಿ ಹುಡುಕಬೇಕಿತ್ತು. ವೈಪರ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ತೆಗೆದರೆ ಒಳಗೆಲ್ಲ ಎಲೆ, ಕೊಳೆತು ಮಣ್ಣಾಗಿ ನೀರು ಹೋಗುವ ತೂತು ಮುಚ್ಚಿಹೋಗಿತ್ತು. ಮರದ ಕೆಳಗೆ ನಿಲ್ಲಿಸುವ ಗಾಡಿಗಳಲ್ಲಿ ಇದು ಮಾಮೂಲು. ತುಂಬಿದ ನೀರು ಹಾರ್ನೆಸ್ ಒಳಬರುವ ತೂತಿಗೆ ಕೂರಿಸಿದ ರಬ್ಬರ್ ಬಳೆಯ, ಅಂದರೆ ಗ್ರಾಮೆಟ್‌ನ ಪಕ್ಕದಿಂದ ಜಾರಿ, ವೈರಿನ ಗುಂಟ ಇಳಿದು ನೇರ ಕಪ್ಲರ್ ಒಳಗೆ ಹೋಗುತ್ತಿತ್ತು. ಎಲೆ ತೆಗೆದು, ತೂತು ಬಿಡಿಸಿ, ಗ್ರಾಮೆಟ್ ಸರಿಯಾಗಿ ಕೂರಿಸಿ, ಪೈಪ್ ಹಿಡಿದು ನೀರು ಬಿಟ್ಟು ಒಳಗೆ ಹನಿ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ವೈರಿಂಗ್ ಕೆಲಸ.

ಹಸಿರು ಹಿಡಿದ ಪಿನ್ನನ್ನು ಸ್ಪ್ರೇ ಹೊಡೆದು ಉಜ್ಜಿ ಬಿಟ್ಟರೆ ಆ ಕ್ಷಣಕ್ಕೆ ಗಾಡಿ ಸರಿಯಾಗುತ್ತದೆ, ಮುಂದಿನ ಮಳೆಗೆ ವಾಪಸ್ ಬರುತ್ತದೆ. ನೀರು ವೈರಿನ ಇನ್ಸುಲೇಷನ್ ಒಳಗೂ ಹತ್ತಿ ತಾಮ್ರವನ್ನು ಕಪ್ಪಾಗಿಸಿರುತ್ತದೆ. ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ವೈರ್ ತುಂಡು ಸೇರಿಸಿ, ಹೊಸ ಪಿನ್ ಕ್ರಿಂಪ್ ಮಾಡಿ ಹಾಕಿದೆ. ಹೈ ಮತ್ತು ಲೋ ಜಾಯಿಂಟ್‌ಗಳನ್ನು ಅಕ್ಕಪಕ್ಕ ಬರದಂತೆ ಹಿಂದೆಮುಂದೆ ಇಟ್ಟು, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿದೆ. ಎರಡೂ ವೈರನ್ನು ಮೊದಲಿದ್ದಂತೆಯೇ ಹೆಣೆದೆ. ಹೆಣಿಗೆ ಬಿಚ್ಚಿ ಉದ್ದಕ್ಕೆ ಬಿಟ್ಟ ಕ್ಯಾನ್ ವೈರ್ ಇಗ್ನಿಷನ್‌ನ ಗದ್ದಲವನ್ನೆಲ್ಲ ಹಿಡಿಯುತ್ತದೆ. ಬರೀ ಇನ್ಸುಲೇಷನ್ ಟೇಪ್ ಸುತ್ತುವುದು ಈ ವೈರಿಗೆ ಸಲ್ಲದು.

ಆಮೇಲೆ ಎಷ್ಟು ಅಲುಗಿಸಿದರೂ 60 ಕದಲಲಿಲ್ಲ. ಬ್ಯಾಟರಿ ಜೋಡಿಸಿ ಇಗ್ನಿಷನ್ ಆನ್ ಮಾಡಿದಾಗ ಮಲ್ಟಿಮೀಟರ್‌ನಲ್ಲಿ ಹೈ 2.5ಕ್ಕಿಂತ ತುಸು ಮೇಲೆ, ಲೋ ತುಸು ಕೆಳಗೆ. ಮಲ್ಟಿಮೀಟರ್ ತೋರಿಸುವುದು ಸರಾಸರಿಯನ್ನು ಮಾತ್ರ. 500 ಕಿಲೋಬಿಟ್ ವೇಗದ ಬಸ್ಸಿನಲ್ಲಿ ಒಂದು ಬಿಟ್ ಎಂದರೆ ಸೆಕೆಂಡಿನ 10 ಲಕ್ಷ ಭಾಗದಲ್ಲಿ 2 ಭಾಗ, ಅದನ್ನು ಕಣ್ಣಿಗೆ ಕಾಣಿಸಲು ಆಸಿಲೋಸ್ಕೋಪೇ ಬೇಕು. ಎರಡು ಚಾನೆಲ್‌ನ ಚಿಕ್ಕ ಸ್ಕೋಪ್ ಹಚ್ಚಿ ನೋಡಿದೆ. ಹೈ ಮೇಲಕ್ಕೆ, ಲೋ ಕೆಳಕ್ಕೆ, ಒಂದರ ಪಡಿಯಚ್ಚು ಇನ್ನೊಂದು, ಅಂಚುಗಳು ಚೂಪಾಗಿದ್ದವು. ಈ ಚಿತ್ರ ನೋಡುವುದೆಂದರೆ ನನಗೆ ಇಂದಿಗೂ ಖುಷಿ. ಕೋಡ್ ಅಳಿಸಿ, ಮಳೆಯಲ್ಲೇ ಒಂದು ಸುತ್ತು ಓಡಿಸಿ, ಮತ್ತೆ ಎಲ್ಲ ಮಾಡ್ಯೂಲ್ ಓದಿದೆ. ಒಂದು ಕೋಡೂ ಇರಲಿಲ್ಲ.

ಎಲ್ಲ ಗಾಡಿಯಲ್ಲೂ ಕಾರಣ ನೀರೇ ಆಗಿರಬೇಕಿಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬಾನೆಟ್ ಒಳಗೆ ಬರುವ ಇಲಿ ವೈರ್ ಕಡಿಯುತ್ತದೆ. ಹೊರಗಿನಿಂದ ಹಾಕಿಸಿದ ಆಂಡ್ರಾಯ್ಡ್ ಸ್ಟೀರಿಯೋದ ಕ್ಯಾನ್ ಬಾಕ್ಸ್ (ಅದನ್ನು ಕ್ಯಾನ್ ಬಸ್ಸಿಗೆ ಜೋಡಿಸುವ ಡಬ್ಬಿ), ಜಿಪಿಎಸ್ ಟ್ರ್ಯಾಕರ್ ಇವೂ ತೊಂದರೆ ಕೊಡುತ್ತವೆ. ಒಂದು ಗಾಡಿಯಲ್ಲಿ ಸ್ಕ್ಯಾನರ್‌ಗೆ ಯಾರೂ ಸಿಗುತ್ತಿರಲಿಲ್ಲ. ಸ್ಟೀರಿಯೋದ ಕಪ್ಲರ್ ಕಿತ್ತ ಕೂಡಲೇ ಎಲ್ಲ ಮಾಡ್ಯೂಲೂ ಮಾತಾಡತೊಡಗಿದವು. ಬಸ್ ಪೂರ್ತಿ ಬಿದ್ದಾಗ ಹೀಗೆ ಒಂದೊಂದೇ ಮಾಡ್ಯೂಲ್ ಕಳಚುತ್ತ ಹೋಗುವುದೇ ದಾರಿ, ಮೊದಲು ಹೊರಗಿನಿಂದ ಬಂದವನ್ನು ಕಳಚಬೇಕು. ಒಂದು ಮಾಡ್ಯೂಲ್ ಮಾತ್ರ ಸಿಗದಿದ್ದರೆ ಅದರ ಕಪ್ಲರ್‌ನಲ್ಲಿ ಸಪ್ಲೈ ಮತ್ತು ಅರ್ತ್ ನಡುವೆ 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಹಚ್ಚಿ ನೋಡುತ್ತೇನೆ. ಒಂದೇ ಎಳೆ ತಾಮ್ರ ಉಳಿದಿದ್ದರೂ ಮಲ್ಟಿಮೀಟರ್ 12 ವೋಲ್ಟ್ ತೋರಿಸಿಬಿಡುತ್ತದೆ, ಬಲ್ಬ್ ಮಾತ್ರ ಮಂಕಾಗುತ್ತದೆ. ಆದರೆ ಅದೇ ಬಲ್ಬನ್ನಾಗಲಿ ಟೆಸ್ಟ್ ಲ್ಯಾಂಪನ್ನಾಗಲಿ ಕ್ಯಾನ್ ವೈರಿಗೆ ಎಂದೂ ತಾಗಿಸಬಾರದು. ಇನ್ಸುಲೇಷನ್‌ಗೆ ಸೂಜಿ ಚುಚ್ಚಿ ಅಳೆಯುವುದೂ ಬೇಡ, ಆ ತೂತೇ ಮುಂದೆ ನೀರಿಗೆ ಬಾಗಿಲು.

ಮಜೂರಿಯ ವಿಷಯ ಹೇಳಲೇಬೇಕು. ಈ ಕೆಲಸದಲ್ಲಿ ಬಳಸಿದ ಸಾಮಾನು ಎರಡು ಪಿನ್, ಒಂದಿಷ್ಟು ವೈರ್, ಸ್ಲೀವ್. ‘ಏನೂ ಹಾಕಿಲ್ವಲ್ಲ’ ಎಂದು ಬಿಲ್ ನೋಡಿ ಕೇಳುವವರಿದ್ದಾರೆ. ಹುಡುಕಿದ್ದಕ್ಕೆ ದುಡ್ಡು ಎಂದು ನಾನು ಮೊದಲೇ ಹೇಳಿ, ಎಷ್ಟೆಂದು ತಿಳಿಸಿಯೇ ಬಾನೆಟ್ ಎತ್ತುತ್ತೇನೆ. ಹುಡುಕುವ ಹೊತ್ತಿಗೆ ಬೆಲೆ ಸಿಗದ ಕಡೆ ಮೆಕ್ಯಾನಿಕ್ ಸಾಮಾನು ಮಾರಿಯೇ ಬದುಕಬೇಕಾಗುತ್ತದೆ, ಆಗ ಚೆನ್ನಾಗಿರುವ ಇಸಿಯು ಬದಲಾಗುತ್ತದೆ.

ಹೊಸ ಗಾಡಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಸ್ಕ್ಯಾನರ್ ಸಾಕೆಟ್ ಮತ್ತು ಉಳಿದ ಬಸ್ಸುಗಳ ನಡುವೆ ಗೇಟ್‌ವೇ ಮಾಡ್ಯೂಲ್ ಕೂತಿರುತ್ತದೆ. ಅಲ್ಲಿ 6 ಮತ್ತು 14ನೇ ಪಿನ್ನಿನಲ್ಲಿ ಅಳೆದರೆ ಗೇಟ್‌ವೇವರೆಗಿನ ತುಂಡು ಮಾತ್ರ ಗೊತ್ತಾಗುತ್ತದೆ, ಅದರಾಚೆ ಇಂಜಿನ್ನಿಗೊಂದು, ಬಾಡಿಗೊಂದು ಎಂದು ಬೇರೆ ಬೇರೆ ಬಸ್ಸು. ಅಂಥ ಗಾಡಿ ಬಂದರೆ ಮೊದಲು ವೈರಿಂಗ್ ಡಯಾಗ್ರಾಮ್ ತೆಗೆದು, ಯಾವ ಮಾಡ್ಯೂಲ್ ಯಾವ ಬಸ್ಸಿನಲ್ಲಿದೆ, ಟರ್ಮಿನೇಟರ್ ಎಲ್ಲೆಲ್ಲಿದೆ, ನಡುವೆ ಯಾವ ಕಪ್ಲರ್ ಬರುತ್ತದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡ ಮೇಲೆಯೇ ಮೀಟರ್ ಕೈಗೆ ತೆಗೆದುಕೊಳ್ಳುತ್ತೇನೆ.